ಕ್ಲಚ್ ಸ್ಲಿಪ್ ಹೊಡೆಯುತ್ತಿದೆ, ಗೇರ್ ಬಾಕ್ಸ್ ಇಳಿಸಲೇಬೇಕಾ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ನಗರದ ಕಡೆಯವರು. 2014ರ ವ್ಯಾಗನ್ ಆರ್ ಪೆಟ್ರೋಲ್ ಕಾರು ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 74 ಸಾವಿರ ಕಿ.ಮೀ. ಓಡಿದೆ. ಹೆಚ್ಚಾಗಿ ನಾನೇ ಓಡಿಸುವುದು. ಈ ಮಳೆಗಾಲದಲ್ಲಿ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿದ್ದೆ. ಎರಡು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಗೌರಿ ಹಬ್ಬಕ್ಕೆ ಬಂದು, ಬ್ಯಾಟರಿ ಚಾರ್ಜ್ ಮಾಡಿಸಿ ಸ್ಟಾರ್ಟ್ ಮಾಡಿದರೆ ಇಂಜಿನ್ ಶುರುವಾಯಿತು, ಗೇರ್ ಮಾತ್ರ ಬೀಳಲಿಲ್ಲ. ರಿವರ್ಸ್ ಹಾಕಿದರೆ ಕರಕರ ಶಬ್ದ. ಊರಿನ ಮೆಕ್ಯಾನಿಕ್ ಬಂದು ಕ್ಲಚ್ ಕೇಬಲ್ ಟೈಟ್ ಮಾಡಿ, ಗಾಡಿಯನ್ನು ಹಿಂದೆ ಮುಂದೆ ಎಳೆದಾಡಿಸಿ ಸರಿ ಮಾಡಿದರು. ಹತ್ತು ಹನ್ನೆರಡು ದಿನ ಚೆನ್ನಾಗಿತ್ತು. ಆಮೇಲೆ ಕುಂದಾಪುರಕ್ಕೆ ಹೋಗಿ ಐದು ಜನ ವಾಪಸ್ ಬರುವಾಗ ಹುಲಿಕಲ್ ಘಾಟಿಯಲ್ಲಿ ರೇಸ್ ಕೊಟ್ಟಷ್ಟೂ ಇಂಜಿನ್ ಕೂಗುತ್ತಿತ್ತು, ಗಾಡಿ ಏರಲಿಲ್ಲ. ಚಂಡಿಕಾಂಬಾ ಗುಡಿ ಹತ್ತಿರ ನಿಲ್ಲಿಸಿದಾಗ ಸುಟ್ಟ ವಾಸನೆ ಬಂತು. ಈಗ ಪೆಡಲ್ ಪೂರ್ತಿ ಮೇಲೆ ಬಂದ ಮೇಲಷ್ಟೇ ಗಾಡಿ ಹಿಡಿಯುತ್ತದೆ. ಸಣ್ಣಗೆ ಸರ್ ಅನ್ನುವ ಶಬ್ದವೂ ಇದೆ. ಶಿವಮೊಗ್ಗದ ಗ್ಯಾರೇಜಿಗೆ ಫೋನ್ ಮಾಡಿದರೆ, ಗೇರ್ ಬಾಕ್ಸ್ ಇಳಿಸಿ ಫ್ಲೈವೀಲ್ ಸಮೇತ ಎಲ್ಲ ಬದಲಿಸಬೇಕು, 18 ಸಾವಿರ ಆಗುತ್ತದೆ ಅಂದರು. ಪಿಕಪ್ ಓಡಿಸುವ ನನ್ನ ಮೈದುನ, ಕೇಬಲ್ ಇನ್ನೊಂದು ಸುತ್ತು ಟೈಟ್ ಮಾಡಿದರೆ ಸಾಕು ಅನ್ನುತ್ತಾನೆ. ನಮ್ಮ ಯಜಮಾನರು, ನೀನು ಪೆಡಲ್ ಅರ್ಧ ತುಳಿದು ಹಾಫ್ ಕ್ಲಚ್‌ನಲ್ಲೇ ಓಡಿಸಿ ಸುಟ್ಟಿದ್ದೀಯಾ ಅನ್ನುತ್ತಾರೆ. ಯಾರ ಮಾತು ಸರಿ? ಅಡಿಕೆ ಕೊನೆ ಕೊಯ್ಲು ಶುರುವಾಗುವುದರೊಳಗೆ ಗಾಡಿ ಸರಿಯಾಗಬೇಕು. ಇದೇ ಸ್ಥಿತಿಯಲ್ಲಿ ಶಿವಮೊಗ್ಗದವರೆಗೆ ಓಡಿಸಿಕೊಂಡು ಬರಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಅಭಿಪ್ರಾಯ ಇವೆ. ಮೂರನೆಯದು ಅಭಿಪ್ರಾಯಕ್ಕಿಂತ ಆರೋಪ ಅನ್ನಬಹುದು, ಅದನ್ನು ಆಮೇಲೆ ನೋಡೋಣ. ಮೊದಲು, ಏನೇನು ಆಯಿತು ಅನ್ನುವುದನ್ನು ನೀವು ಆದ ಕ್ರಮದಲ್ಲೇ ಬರೆದಿದ್ದೀರಿ, ಅದಕ್ಕೆ ಥ್ಯಾಂಕ್ಸ್. ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ ಜನ "ಕ್ಲಚ್ ಹೋಗಿದೆ, ನೋಡಿ" ಅಂತ ಕೀ ಕೊಟ್ಟು ಚಾ ಕುಡಿಯಲು ಹೋಗುತ್ತಾರೆ. ಕ್ಲಚ್ಚಿನ ವಿಷಯದಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಿಮ್ಮ ಗಾಡಿಗೆ ಬಂದಿದ್ದು ಒಂದು ತೊಂದರೆ ಅಲ್ಲ, ಎರಡು. ಅವೆರಡೂ ಒಂದಕ್ಕೊಂದು ತದ್ವಿರುದ್ಧ. ಗೌರಿ ಹಬ್ಬಕ್ಕೆ ಕ್ಲಚ್ ಬಿಡುತ್ತಿರಲಿಲ್ಲ. ಹುಲಿಕಲ್ ಘಾಟಿಯಲ್ಲಿ ಹಿಡಿಯಲಿಲ್ಲ. ನನ್ನ ಬಲವಾದ ಅನುಮಾನ ಏನೆಂದರೆ, ಮೊದಲನೆಯದಕ್ಕೆ ಮಾಡಿದ ರಿಪೇರಿಯೇ ಎರಡನೆಯದನ್ನು ತಂದಿದೆ. ಆದ್ದರಿಂದ ಗೇರ್ ಬಾಕ್ಸಿಗೆ ಕೈ ಹಾಕುವ ಮೊದಲು ಆ ಕೇಬಲ್ ನೋಡಬೇಕು. ಟೈಟ್ ಮಾಡುವುದಕ್ಕಲ್ಲ, ಸಡಿಲ ಮಾಡುವುದಕ್ಕೆ.

ಯಾಕೆ ಅಂತ ಹೇಳಬೇಕಾದರೆ ಒಳಗೆ ಏನಿದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಇಂಜಿನ್ ಜೊತೆ ಸದಾ ತಿರುಗುವ ಭಾರದ ಚಕ್ರ ಫ್ಲೈವೀಲ್. ಗೇರ್ ಬಾಕ್ಸಿನ ಶಾಫ್ಟಿನ ಮೇಲೆ ಕೂತಿರುವುದು ಕ್ಲಚ್ ಪ್ಲೇಟ್. ಈ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟ್, ಅದರೊಳಗೆ ತಟ್ಟೆಯಂಥ ಗಟ್ಟಿ ಸ್ಪ್ರಿಂಗ್ ಇರುತ್ತದೆ. ನೀವು ಪೆಡಲ್ ತುಳಿದಾಗ ಕೇಬಲ್ ಒಂದು ಲಿವರನ್ನು ಎಳೆಯುತ್ತದೆ. ಆ ಲಿವರ್ ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಬೇರಿಂಗ್ ಆ ಸ್ಪ್ರಿಂಗಿನ ಎಸಳುಗಳನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ. ಕಾಲು ತೆಗೆದರೆ ಸ್ಪ್ರಿಂಗ್ ಮತ್ತೆ ಪ್ಲೇಟನ್ನು ಅದುಮುತ್ತದೆ. ಅಷ್ಟೇ.

ಗಮನಿಸಬೇಕಾದ ಸಂಗತಿ ಒಂದೇ. ಕಾಲು ಪೂರ್ತಿ ತೆಗೆದಾಗ ಬೇರಿಂಗ್ ಆ ಎಸಳುಗಳ ಮೇಲೆ ಭಾರ ಹಾಕಬಾರದು. ಅದಕ್ಕೇ ಪೆಡಲಿನ ಶುರುವಿನಲ್ಲಿ ಸ್ವಲ್ಪ ಖಾಲಿ ಓಟ ಬಿಟ್ಟಿರುತ್ತಾರೆ. ಗ್ಯಾರೇಜಿನಲ್ಲಿ ಇದಕ್ಕೆ ಪ್ಲೇ ಅನ್ನುತ್ತಾರೆ. ಕೇಬಲ್ ಕ್ಲಚ್ ಇರುವ ಸಣ್ಣ ಕಾರುಗಳಲ್ಲಿ ಪೆಡಲಿನ ಹತ್ತಿರ ಸಾಮಾನ್ಯವಾಗಿ 15ರಿಂದ 20 ಮಿ.ಮೀ. ಇರುತ್ತದೆ. ನಿಖರವಾದ ಅಳತೆ ಆಯಾ ಮಾಡೆಲಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಈ ಪ್ಲೇ ಪೂರ್ತಿ ಹೋದರೆ, ನೀವು ಪೆಡಲ್ ಮುಟ್ಟದೇ ಇದ್ದರೂ ಯಾರೋ ಅದನ್ನು ಸ್ವಲ್ಪ ಒತ್ತಿ ಹಿಡಿದ ಲೆಕ್ಕ.

ಈಗ ಮಳೆಗಾಲಕ್ಕೆ ಬರೋಣ. ಹುಲಿಕಲ್, ಮಾಸ್ತಿಕಟ್ಟೆ ಸುತ್ತಮುತ್ತ ಬೀಳುವ ಮಳೆ ಆಗುಂಬೆಗೂ ಪೈಪೋಟಿ ಕೊಡುತ್ತದೆ. ಅಲ್ಲಿ ಎರಡು ತಿಂಗಳು ನಿಂತ ಗಾಡಿ ಶೆಡ್ಡಿನೊಳಗೇ ಇದ್ದರೂ ಒದ್ದೆಯೇ. ಗೇರ್ ಬಾಕ್ಸಿನ ಬಾಯಿಯ ಭಾಗ ಗಾಳಿಯಾಡದ ಡಬ್ಬಿಯಲ್ಲ, ತೇವ ಒಳಗೆ ಹೋಗುತ್ತದೆ. ಫ್ಲೈವೀಲ್ ಎರಕದ ಕಬ್ಬಿಣದ್ದು. ಅದರ ಮುಖ ತುಕ್ಕು ಹಿಡಿಯುತ್ತದೆ, ಆ ತುಕ್ಕು ಪ್ಲೇಟನ್ನು ಕಾವಲಿಗೆ ದೋಸೆ ಹಿಡಿದ ಹಾಗೆ ಹಿಡಿದುಕೊಳ್ಳುತ್ತದೆ. ಆಗ ಪೆಡಲ್ ತುಳಿದರೂ ಪ್ರೆಶರ್ ಪ್ಲೇಟ್ ಮಾತ್ರ ಹಿಂದೆ ಸರಿಯುತ್ತದೆ, ಕ್ಲಚ್ ಪ್ಲೇಟ್ ಫ್ಲೈವೀಲ್ ಜೊತೆಗೇ ತಿರುಗುತ್ತಿರುತ್ತದೆ. ಗೇರ್ ಬೀಳುವುದಿಲ್ಲ. ರಿವರ್ಸ್‌ನಲ್ಲೇ ಕರಕರ ಶಬ್ದ ಜೋರಾಗಿ ಬರುವುದಕ್ಕೂ ಕಾರಣ ಇದೆ. ಮುಂದಿನ ಗೇರುಗಳಿಗೆ ವೇಗ ಹೊಂದಿಸಿಕೊಡುವ ಸಿಂಕ್ರೊ ಅನ್ನುವ ಭಾಗ ಇರುತ್ತದೆ, ಹೆಚ್ಚಿನ ಕಾರುಗಳ ರಿವರ್ಸಿಗೆ ಅದು ಇರುವುದಿಲ್ಲ. ಕ್ಲಚ್ ಬಿಡದಿದ್ದರೆ ಮೊದಲು ಕೂಗುವುದು ರಿವರ್ಸೇ.

ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇಂಥ ಗಾಡಿಗಳು ಸಾಲಾಗಿ ಬರುತ್ತವೆ. ಊರಿನ ಮೆಕ್ಯಾನಿಕ್ ಹಿಂದೆ ಮುಂದೆ ಎಳೆದಾಡಿಸಿದ್ದು ಸರಿಯಾದ ಕ್ರಮವೇ. ಆ ಜಗ್ಗಾಟಕ್ಕೆ ತುಕ್ಕು ಬಿಟ್ಟಿತು. ಆದರೆ ಅದಕ್ಕೂ ಮೊದಲು ಅವರು ಕೇಬಲ್ ಟೈಟ್ ಮಾಡಿದ್ದರು. ಪೆಡಲ್ ಜಾಸ್ತಿ ಎಳೆದರೆ ಕ್ಲಚ್ ಬಿಡಬಹುದು ಅನ್ನುವ ಲೆಕ್ಕ. ತುಕ್ಕು ಬಿಟ್ಟ ಮೇಲೆ ಕೇಬಲನ್ನು ಮೊದಲಿನ ಜಾಗಕ್ಕೆ ತರಬೇಕಿತ್ತು. ಗೇರ್ ಬಿತ್ತು, ಎಲ್ಲರಿಗೂ ಖುಷಿಯಾಯಿತು, ನಟ್ಟು ಹಾಗೇ ಉಳಿಯಿತು.

ಹಾಗಾದರೆ ಹತ್ತು ಹನ್ನೆರಡು ದಿನ ಹೇಗೆ ಚೆನ್ನಾಗಿತ್ತು ಅಂತ ನೀವು ಕೇಳಬಹುದು. ಊರೊಳಗೆ ಒಬ್ಬರೇ ಓಡಿಸುವಾಗ ಇಂಜಿನ್ ಕ್ಲಚ್ ಮೇಲೆ ಹಾಕುವ ಒತ್ತಡ ಕಮ್ಮಿ. ಸ್ಪ್ರಿಂಗಿನ ಬಲ ಸ್ವಲ್ಪ ಕಮ್ಮಿಯಾಗಿದ್ದರೂ ಅದು ತಡೆಯುತ್ತದೆ. ಐದು ಜನ ಕೂತು ಘಾಟಿ ಏರುವಾಗ ಇಂಜಿನ್ ಪೂರ್ತಿ ಬಲ ಹಾಕುತ್ತದೆ. ಆಗ ಉಳಿದಿದ್ದ ಹಿಡಿತ ಸಾಕಾಗಲಿಲ್ಲ, ಪ್ಲೇಟ್ ಜಾರಿತು. ಜಾರಿದರೆ ಬಿಸಿ, ಬಿಸಿಗೆ ಪ್ಲೇಟಿನ ಮೇಲ್ಮೈಯಲ್ಲಿರುವ ಅಂಟು ಕಾಯುತ್ತದೆ. ನೀವು ಗುಡಿ ಹತ್ತಿರ ಮೂಸಿದ್ದು ಅದನ್ನೇ. ಸರ್ ಅನ್ನುವ ಶಬ್ದವೂ ಇದಕ್ಕೆ ಹೊಂದುತ್ತದೆ. ಪ್ಲೇ ಇಲ್ಲದಿದ್ದರೆ ರಿಲೀಸ್ ಬೇರಿಂಗಿಗೆ ಬಿಡುವೇ ಇಲ್ಲ, ಇಂಜಿನ್ ಓಡುವಷ್ಟು ಹೊತ್ತೂ ಭಾರ ಹೊತ್ತೇ ತಿರುಗುತ್ತಿರುತ್ತದೆ.

ಈಗ ನಿಮ್ಮ ಮೈದುನನ ಸಲಹೆ. ದಯವಿಟ್ಟು ಬೇಡ. ಸ್ಲಿಪ್ ಹೊಡೆಯುವ ಕ್ಲಚ್ಚಿಗೆ ಕೇಬಲ್ ಟೈಟ್ ಮಾಡುವುದೆಂದರೆ ಇದ್ದ ಹಿಡಿತವನ್ನೂ ಕಳೆದ ಹಾಗೆ. "ಟೈಟ್" ಅಂದಾಗ ಹಿಡಿತ ಜಾಸ್ತಿ ಆಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಬ್ರೇಕಿನಲ್ಲಿ ಹಾಗೇ ಅಲ್ವಾ? ಕ್ಲಚ್ಚಿನಲ್ಲಿ ಉಲ್ಟಾ. ಕೇಬಲ್ ಕೆಲಸ ಮಾಡುವುದು ಬಿಡಿಸುವುದಕ್ಕೆ, ಹಿಡಿಸುವುದಕ್ಕೆ ಅಲ್ಲ. ಇನ್ನೊಂದು ವಿಷಯ ಅನುಭವ ಇರುವ ಡ್ರೈವರುಗಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಪ್ಲೇಟ್ ಸವೆದ ಹಾಗೆ ಪ್ಲೇ ಜಾಸ್ತಿ ಆಗುವುದಿಲ್ಲ, ಕಮ್ಮಿ ಆಗುತ್ತದೆ. ಪ್ಲೇಟ್ ತೆಳ್ಳಗಾದಾಗ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಸ್ಪ್ರಿಂಗಿನ ಎಸಳುಗಳ ತುದಿ ಬೇರಿಂಗ್ ಕಡೆಗೆ ಏಳುತ್ತದೆ. ಆದ್ದರಿಂದ ವರ್ಷ ಕಳೆದ ಹಾಗೆ ಕೇಬಲನ್ನು ಆಗಾಗ ಸ್ವಲ್ಪ ಸಡಿಲ ಮಾಡಬೇಕಾಗುತ್ತದೆ. ಟೈಟ್ ಮಾಡಬೇಕಾದ ಸಂದರ್ಭವೂ ಇದೆ, ಕೇಬಲ್ ಹಿಗ್ಗಿದಾಗ. ಆಗ ಪೆಡಲಿನ ಪ್ಲೇ ಜಾಸ್ತಿಯಾಗಿ, ನೆಲಮಟ್ಟಕ್ಕೆ ತುಳಿದರೂ ಗೇರ್ ಕರಕರ ಅನ್ನುತ್ತದೆ. ಅಳೆದು ನೋಡದೆ ನಟ್ಟು ತಿರುಗಿಸುವುದು ಯಾವ ಕಡೆಗಾದರೂ ತಪ್ಪೇ.

ಪೆಡಲ್ ಮೇಲೆ ಬಂದ ಮೇಲಷ್ಟೇ ಗಾಡಿ ಹಿಡಿಯುತ್ತದೆ ಅಂದಿರಲ್ಲ, ಅದಕ್ಕೆ ಎರಡು ಕಾರಣ ಇರಬಹುದು. ಒಂದು, ನಾನು ಹೇಳಿದ ಪ್ಲೇ ಇಲ್ಲದಿರುವುದು. ಇನ್ನೊಂದು, ಪ್ಲೇಟ್ ನಿಜವಾಗಿಯೂ ಸವೆದಿರುವುದು. 74 ಸಾವಿರ ಕಿ.ಮೀ. ಅಂದರೆ ಮಲೆನಾಡಿನ ಗಾಡಿಯ ಕ್ಲಚ್ಚಿಗೆ ಚಿಕ್ಕ ವಯಸ್ಸೇನಲ್ಲ. ಬಯಲುಸೀಮೆಯ ಹೆದ್ದಾರಿಯಲ್ಲಿ ಲಕ್ಷ ದಾಟಿದ ಪ್ಲೇಟುಗಳನ್ನು ನೋಡಿದ್ದೇನೆ. ದಿಬ್ಬದ ಮೇಲಿನ ಮನೆ, ಮಣ್ಣು ರಸ್ತೆ, ಮೂಟೆ ಸಾಗಾಟ ಇದ್ದರೆ ಮೂವತ್ತು ಸಾವಿರಕ್ಕೇ ಕೈ ಕೊಟ್ಟವೂ ಇವೆ. ಅದೂ ಅಲ್ಲದೆ ನಿಮ್ಮದು ಸೆಕೆಂಡ್ ಹ್ಯಾಂಡ್. ಹಿಂದಿನವರು ಪ್ಲೇಟ್ ಬದಲಿಸಿದ್ದರೋ ಇಲ್ಲವೋ, ಆ ಬಿಲ್ ಸಿಕ್ಕರೆ ಒಳ್ಳೆಯದು.

ಇವೆರಡರಲ್ಲಿ ಯಾವುದು ಅಂತ ಗೇರ್ ಬಾಕ್ಸ್ ಇಳಿಸದೆಯೇ ಬಹುಮಟ್ಟಿಗೆ ಹೇಳಬಹುದು.

ಮೊದಲು ಇಂಜಿನ್ ಆಫ್ ಇರುವಾಗ ಬಗ್ಗಿ ಕ್ಲಚ್ ಪೆಡಲನ್ನು ಕೈಯಿಂದ ಒತ್ತಿ. ಶುರುವಿನಲ್ಲಿ ಹಗುರಾಗಿ ಒಂದಿಷ್ಟು ಇಳಿದು, ಆಮೇಲೆ ಗಟ್ಟಿ ಸಿಗಬೇಕು. ಮುಟ್ಟಿದ ಕೂಡಲೇ ಗಟ್ಟಿ ಅನ್ನಿಸಿದರೆ ಪ್ಲೇ ಇಲ್ಲ. ಕಾಲಿನಲ್ಲಿ ಇದು ಗೊತ್ತಾಗುವುದಿಲ್ಲ, ಕೈಯಲ್ಲೇ ನೋಡಿ.

ಆಮೇಲೆ ಮೆಕ್ಯಾನಿಕ್ ಕೈಯಲ್ಲಿ ಬಾನೆಟ್ ತೆಗೆಸಿ, ಗೇರ್ ಬಾಕ್ಸ್ ಲಿವರಿನ ಹತ್ತಿರ ಇರುವ ಕೇಬಲ್ ನಟ್ಟು ಸಡಿಲ ಮಾಡಿಸಿ, ಪೆಡಲಿಗೆ ಸರಿಯಾದ ಪ್ಲೇ ಬರುವ ಹಾಗೆ ಕೂರಿಸಿ. ಇದು ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಮಾಡುವ ಸಣ್ಣ ಕೆಲಸ. ಹಾಗೆ ಮಾಡುವಾಗ ಇನ್ನೊಂದು ನೋಡಬೇಕು. ಪೆಡಲ್ ತುಳಿದು ಬಿಟ್ಟಾಗ ಲಿವರ್ ತಟ್ಟನೆ ವಾಪಸ್ ಬರುತ್ತದಾ, ಅಥವಾ ಸೋಮಾರಿಯ ಹಾಗೆ ನಿಧಾನಕ್ಕೆ ಬರುತ್ತದಾ? ಕೇಬಲಿನ ಹೊದಿಕೆಯೊಳಗೆ ನೀರು ಹೋಗಿ ತುಕ್ಕು ಹಿಡಿದರೆ ಒಳಗಿನ ತಂತಿ ಸಿಕ್ಕಿಕೊಳ್ಳುತ್ತದೆ. ಆಗಲೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ನಿಮ್ಮ ಗಾಡಿ ನಿಂತಿದ್ದ ಜಾಗ ನೋಡಿದರೆ, ನಾನಾಗಿದ್ದರೆ ಕೇಬಲ್ ಹೊಸದೇ ಹಾಕುತ್ತಿದ್ದೆ. ಕೆಲವೇ ನೂರು ರೂಪಾಯಿ ಮಾತು. ಹಳೆಯದಕ್ಕೆ ಎಣ್ಣೆ ಬಿಟ್ಟು ಸುಧಾರಿಸುವವರಿದ್ದಾರೆ, ಎಣ್ಣೆ ಒಣಗಿದ ಮೇಲೆ ಮತ್ತೆ ಅದೇ ಕಥೆ. ಕೈಯಾಡಿಸುವಾಗ ಹೊದಿಕೆಯನ್ನು ಇಲಿ ಕಡಿದಿದೆಯಾ ಅಂತಲೂ ನೋಡಲಿ. ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಸಂಸಾರ ಹೂಡುವ ಇಲಿಗಳು ಮಾಡುವ ನಷ್ಟದ ಬಗ್ಗೆ ಬೇರೆಯೇ ಉತ್ತರ ಬರೆಯಬೇಕು.

ಅದಾದ ಮೇಲೆ ಓಡಿಸಿ ನೋಡುವುದು. ನಿಂತ ಗಾಡಿಯಲ್ಲಿ ಬ್ರೇಕ್ ಒತ್ತಿ, ನಾಲ್ಕನೇ ಗೇರ್ ಹಾಕಿ ಕ್ಲಚ್ ಬಿಡುವ ಪರೀಕ್ಷೆ ಒಂದಿದೆ. ಇಂಜಿನ್ ಆಫ್ ಆದರೆ ಕ್ಲಚ್ ಸರಿ ಇದೆ ಅಂತ ಹೇಳುತ್ತಾರೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಪ್ಲೇಟ್ ತೀರಾ ಹೋಗಿದ್ದರೆ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಹಾಗೆ ಭಾರ ಬಿದ್ದಾಗ ಮಾತ್ರ ಜಾರುವ ಕ್ಲಚ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡಿದರೆ ಇರುವ ಪ್ಲೇಟೂ ಕಾಯುತ್ತದೆ. ಅದರ ಬದಲು ಖಾಲಿ ರಸ್ತೆಯ ಸಣ್ಣ ಏರಿನಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಲ್ಲಿ ಹೋಗುತ್ತಾ ಎಕ್ಸಲೇಟರ್ ಪೂರ್ತಿ ಒತ್ತಿ. ಮುಳ್ಳು ನೋಡಬೇಕಾಗಿಲ್ಲ, ಕಿವಿ ಸಾಕು. ಇಂಜಿನ್ ಸದ್ದು ಮತ್ತು ವೇಗ ಒಟ್ಟಿಗೆ ನಿಧಾನಕ್ಕೆ ಏರಿದರೆ ಸರಿ. ಸದ್ದು ಒಮ್ಮೆಲೇ ಮೇಲೆ ಹಾರಿ ಗಾಡಿ ಇದ್ದಲ್ಲೇ ಇದ್ದರೆ ಇನ್ನೂ ಸ್ಲಿಪ್ ಇದೆ. ಒಂದು ಸಲ ಸಾಕು.

ಕೇಬಲ್ ಸರಿ ಮಾಡಿದ ಮೇಲೆ ಸ್ಲಿಪ್ ನಿಂತು, ಗೇರುಗಳೂ ಸಲೀಸಾಗಿ ಬಿದ್ದರೆ ಸದ್ಯಕ್ಕೆ ಅಲ್ಲಿಗೇ ಬಿಡಿ. ಘಾಟಿಯಲ್ಲಿ ಕಾದ ಪ್ಲೇಟಿನ ಮುಖ ಸ್ವಲ್ಪ ಗಾಜಿನ ಹಾಗೆ ನುಣುಪಾಗಿರಬಹುದು. ಹಗುರಾಗಿ ಓಡಿಸುತ್ತಾ ಹೋದರೆ ಎಷ್ಟೋ ಸಲ ಅದು ತಾನಾಗಿಯೇ ಸುಧಾರಿಸುತ್ತದೆ. ಒಂದು ಸಲ ವಾಸನೆ ಬಂದ ಮಾತ್ರಕ್ಕೆ ಕ್ಲಚ್ ಸತ್ತಿತು ಅಂತ ಅಲ್ಲ. ಆದರೆ ಈ ದಾರಿಯಲ್ಲಿ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಪ್ಲೇಟ್ ಒಳಗೆ ಎಷ್ಟು ಉಳಿದಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಕೊಯ್ಲಿನ ಮಧ್ಯೆ, ಆಳುಗಳು ಕಾಯುತ್ತಿರುವ ದಿನವೇ ಕೈ ಕೊಡಬಹುದು. ಸರ್ ಶಬ್ದ ಕೇಬಲ್ ಸಡಿಲ ಮಾಡಿದ ಮೇಲೆ ನಿಂತು, ಪೆಡಲ್ ತುಳಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್ ಸವೆಯಲು ಶುರುವಾಗಿದೆ ಅಂತ ಅರ್ಥ. ಅದು ಎಚ್ಚರಿಕೆ, ತುರ್ತಲ್ಲ. ಅದಕ್ಕೆ ವಿರುದ್ಧವಾಗಿ, ಕಾಲು ತೆಗೆದಾಗ ಶಬ್ದ ಬಂದು ತುಳಿದಾಗ ನಿಂತರೆ ಅದು ಗೇರ್ ಬಾಕ್ಸಿನ ಶಾಫ್ಟ್ ಬೇರಿಂಗ್ ಕಡೆ ಬೆರಳು ತೋರಿಸುತ್ತದೆ. ಅದರ ಖರ್ಚೇ ಬೇರೆ.

ಪ್ಲೇ ಸರಿ ಮಾಡಿದ ಮೇಲೂ ಸ್ಲಿಪ್ ಇದ್ದರೆ ಸುಮ್ನೆ ಕಾಯಬೇಡಿ, ಗೇರ್ ಬಾಕ್ಸ್ ಇಳಿಸಲೇಬೇಕು. ಜಾರುವ ಕ್ಲಚ್ಚನ್ನು ಓಡಿಸುತ್ತಲೇ ಇದ್ದರೆ ಪ್ಲೇಟಿನ ಲೈನಿಂಗ್, ಅಂದರೆ ಉಜ್ಜುವ ಪದರ, ಸವೆದು ಅದನ್ನು ಹಿಡಿದಿರುವ ರಿವೆಟ್ ತಲೆಗಳು ಫ್ಲೈವೀಲಿನ ಮುಖಕ್ಕೆ ಗೀರು ಹಾಕುತ್ತವೆ. ಆಗ ಇವತ್ತು ಬೇಕಿಲ್ಲದ ಫ್ಲೈವೀಲ್ ನಾಳೆ ನಿಜವಾಗಿಯೂ ಬೇಕಾಗುತ್ತದೆ. ಇಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದ ಕೆಳಗೆ ಎಣ್ಣೆ ಜಿನುಗಿದ್ದರೂ ಇದೇ ಮಾತು. ಎಣ್ಣೆ ಕುಡಿದ ಪ್ಲೇಟನ್ನು ತೊಳೆದು ಒಣಗಿಸಿ ಹಾಕಿದರೆ ಉಳಿಯುವುದಿಲ್ಲ. ಪ್ಲೇಟ್ ಬದಲಿಸಬೇಕು, ಎಣ್ಣೆ ಬಂದ ಸೀಲನ್ನೂ ಬದಲಿಸಬೇಕು. ಗಂಧಕದ ಹಾಗೆ ಘಾಟು ವಾಸನೆ ಇದ್ದರೆ ಅದು ಗೇರ್ ಆಯಿಲ್, ಗೇರ್ ಬಾಕ್ಸ್ ಕಡೆಯ ಸೀಲು. ಇಲ್ಲದಿದ್ದರೆ ಇಂಜಿನ್ ಕಡೆಯದು.

ಇಳಿಸಿದ ಮೇಲೆ ಏನೇನು ಬದಲಿಸಬೇಕು? ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಈ ಮೂರನ್ನೂ ಒಟ್ಟಿಗೆ. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ. "ಪ್ಲೇಟ್ ಒಂದೇ ಹಾಕಿ, ಪ್ರೆಶರ್ ಪ್ಲೇಟ್ ಚೆನ್ನಾಗಿದೆ" ಅನ್ನುವ ಮಾತು ಕೇಳುತ್ತೇವೆ. ಒಂದು ಭಾಗಕ್ಕೆ ಇಳಿಸಿದರೂ ಮೂರಕ್ಕೆ ಇಳಿಸಿದರೂ ಕೂಲಿ ಒಂದೇ. ಆರು ತಿಂಗಳಿಗೆ ಬೇರಿಂಗ್ ಕೂಗಿದರೆ ಅದೇ ಕೂಲಿ ಮತ್ತೆ ಕೊಡಬೇಕು. ಲಾರಿಗಳಲ್ಲಿ ಹಳೆ ಪ್ಲೇಟಿಗೆ ಹೊಸ ಲೈನಿಂಗ್ ಹೊಡೆಸುವುದು ಇದೆ, ಸಣ್ಣ ಕಾರಿಗೆ ಅದು ಲಾಭ ಇಲ್ಲ. ಡೂಪ್ಲಿಕೇಟ್ ಮಾಲಿನ ಬಗ್ಗೆಯೂ ಎಚ್ಚರ. ಮಾರುತಿ ಜೆನ್ಯೂನ್ ಪಾರ್ಟ್ಸ್ ಅಥವಾ ವಾಲಿಯೊ, ಲುಕ್, ಎಕ್ಸೆಡಿಯಂಥ ಹೆಸರಿರುವ ಕಂಪನಿಯ ಸೆಟ್ಟನ್ನು ಬಿಲ್ ಸಮೇತ ತಗೊಳ್ಳಿ. ಅಂಗಡಿಯವರು ಡಬ್ಬಿ ನಿಮ್ಮೆದುರೇ ಒಡೆಯಲಿ.

ಫ್ಲೈವೀಲ್ ಮಾತ್ರ ನೋಡದೆ ಬದಲಿಸುವ ವಸ್ತು ಅಲ್ಲ. ನಿಮ್ಮ ಗಾಡಿಯದು ಒಂದೇ ತುಂಡಿನ ಸಾದಾ ಫ್ಲೈವೀಲ್. ಮೇಲೆ ತೆಳ್ಳಗೆ ತುಕ್ಕು ಇದ್ದರೆ ಎಮರಿ ಪೇಪರಿನಲ್ಲಿ ಉಜ್ಜಿದರೆ ಹೋಗುತ್ತದೆ. ಕಾದು ನೀಲಿ ಕಲೆಗಳಾಗಿ ಗಟ್ಟಿಯಾಗಿದ್ದರೆ, ಉಗುರಿಗೆ ಸಿಗುವಷ್ಟು ಗೀರು ಇದ್ದರೆ, ಕೂದಲೆಳೆಯಂಥ ಬಿರುಕು ಇದ್ದರೆ ಆಗ ಯೋಚಿಸಬೇಕು. ಬಿರುಕಿದ್ದರೆ ಬದಲಿಸುವುದೇ ಸರಿ. ಕೆಲವು ಡೀಸೆಲ್ ಗಾಡಿಗಳಲ್ಲಿ ಎರಡು ತುಂಡಿನ, ಒಳಗೆ ಸ್ಪ್ರಿಂಗ್ ಇರುವ ಫ್ಲೈವೀಲ್ ಬರುತ್ತದೆ. ಅದು ಕೆಟ್ಟರೆ ಖರ್ಚು ದೊಡ್ಡದು, ಆ ಭಯವನ್ನು ನೀವು ಹೊರಬೇಕಾಗಿಲ್ಲ.

ಗ್ಯಾರೇಜಿನವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಫೋನಿನಲ್ಲಿ "ಘಾಟಿಯಲ್ಲಿ ಎಳೆಯಲಿಲ್ಲ, ಸುಟ್ಟ ವಾಸನೆ ಬಂತು" ಅಂದರೆ ಯಾರಾದರೂ ಪೂರ್ತಿ ಲೆಕ್ಕವನ್ನೇ ಹೇಳುತ್ತಾರೆ, ಆಮೇಲೆ ಜಾಸ್ತಿಯಾಯಿತು ಅಂತ ಜಗಳ ಬೇಡ ಅನ್ನುವ ಕಾರಣಕ್ಕೆ. ಕೇಬಲ್ ಟೈಟ್ ಮಾಡಿದ ಕಥೆ ಅವರಿಗೆ ನೀವು ಹೇಳಿದ್ದೀರಾ? ಹೇಳಿ ನೋಡಿ. ಗಾಡಿ ಬಿಡುವಾಗ ಎರಡು ಮಾತು ಮೊದಲೇ ಆಡಿಕೊಳ್ಳಿ. ಗೇರ್ ಬಾಕ್ಸ್ ಇಳಿಸಿದ ಮೇಲೆ ಫ್ಲೈವೀಲಿನ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ ಅನ್ನಿ. ಹಳೆಯ ಸಾಮಾನು ಎಲ್ಲ ವಾಪಸ್ ಬೇಕು ಅನ್ನಿ. ಹಳೆ ಪ್ಲೇಟ್ ಕೈಗೆ ಬಂದಾಗ ರಿವೆಟ್ ತಲೆ ನೋಡಿ. ಅದರ ಮೇಲೆ ಅರ್ಧ ಮಿ.ಮೀ.ಗಿಂತ ಕಮ್ಮಿ ಲೈನಿಂಗ್ ಉಳಿದಿದ್ದರೆ ಬದಲಿಸಿದ್ದು ಸರಿ. ಫ್ಲೈವೀಲ್ ಬೇಡವಾದರೆ ಸಣ್ಣ ಪೆಟ್ರೋಲ್ ಕಾರಿನ ಈ ಕೆಲಸ ಸಾಮಾನ್ಯವಾಗಿ ನಿಮಗೆ ಹೇಳಿದ ಮೊತ್ತಕ್ಕಿಂತ ಬಹಳ ಕೆಳಗೆ ಮುಗಿಯಬೇಕು. ಗೇರ್ ಆಯಿಲ್ ಹೇಗೂ ಬಸಿಯುತ್ತಾರೆ, ಹೊಸದು ಹಾಕಿಸಿ.

ಇನ್ನು ನಿಮ್ಮ ಯಜಮಾನರ ಮಾತು. ಹಾಫ್ ಕ್ಲಚ್‌ನಿಂದ ಪ್ಲೇಟ್ ಸವೆಯುತ್ತದೆ ಅನ್ನುವುದು ನಿಜ. ಆದರೆ ಅದು ತಿಂಗಳುಗಟ್ಟಲೆ ನಿಧಾನಕ್ಕೆ ಆಗುವ ಕೆಲಸ. ಹಿಡಿಯುವ ಜಾಗ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ, ಏರಿನಲ್ಲಿ ಟಾಪ್ ಗೇರಿನಲ್ಲಿ ಮೊದಲು ಜಾರುತ್ತದೆ. ಮಳೆಗಾಲಕ್ಕೆ ಮೊದಲು ಇಂಥದ್ದು ಏನೂ ಇರಲಿಲ್ಲ ಅಂದರೆ, ಎರಡು ತಿಂಗಳು ನಿಂತಿದ್ದ ಗಾಡಿಯ ಕ್ಲಚ್ ನಿಮ್ಮ ಕಾಲಿನಿಂದ ಹತ್ತು ದಿನದಲ್ಲಿ ಹೋಯಿತು ಅನ್ನುವುದು ನಂಬುವ ಮಾತಲ್ಲ. ಹೆಂಗಸರು ಓಡಿಸಿದರೆ ಕ್ಲಚ್ ಬೇಗ ಹೋಗುತ್ತದೆ ಅನ್ನುವುದೂ ಅಷ್ಟೇ. ನಮ್ಮಲ್ಲಿ ಸುಟ್ಟು ಬರುವ ಪ್ಲೇಟುಗಳಲ್ಲಿ ಜಾಸ್ತಿಯವು ದಿನವಿಡೀ ಗಾಡಿ ಓಡಿಸುವ ಗಂಡಸರವೇ. ಎಡಗಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಇರುವ ಚಟ ಅವರಲ್ಲೇ ಹೆಚ್ಚು. ನಿಮಗೆ ಆ ಅಭ್ಯಾಸ ಇದೆಯಾ ಅಂತ ಮಾತ್ರ ಒಮ್ಮೆ ಗಮನಿಸಿ.

ಮಲೆನಾಡಿನಲ್ಲಿ ಪ್ಲೇಟ್ ತಿನ್ನುವ ಒಂದು ಜಾಗ ಇದೆ, ಅದು ಘಾಟಿಯಲ್ಲ, ಮನೆಯ ಮುಂದಿನ ದಿಬ್ಬ. ಅಂಗಳದಲ್ಲಿ ತಿರುಗಿಸಲು ಜಾಗ ಇಲ್ಲ ಅಂತ ಕೆಳಗಿನಿಂದ ರಿವರ್ಸಿನಲ್ಲೇ ಏರಿಸುತ್ತಾರೆ. ಹಿಂದೆ ನೋಡುತ್ತಾ, ಭಯದಲ್ಲಿ, ಪೂರ್ತಿ ಕ್ಲಚ್ ಬಿಡದೆ, ರೇಸ್ ಜಾಸ್ತಿ ಕೊಟ್ಟು. ಒಂದು ವರ್ಷದ ಊರೊಳಗಿನ ಓಡಾಟ ತಿನ್ನದಷ್ಟನ್ನು ಈ ದಿಬ್ಬ ತಿನ್ನುತ್ತದೆ. ನಿಮ್ಮ ಮನೆ ಹಾಗಿದ್ದರೆ ಮುಂದಿನ ಗೇರಿನಲ್ಲಿ ಏರಿಸಿ, ಮೇಲೆ ತಿರುಗಿಸುವ ಜಾಗ ಮಾಡಿಕೊಳ್ಳಿ. ಏರಿನಲ್ಲಿ ನಿಂತಾಗ ಗಾಡಿಯನ್ನು ಕ್ಲಚ್ಚಿನಲ್ಲಿ ತೂಗಿಸಬೇಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಹೊರಡುವಾಗ ಕ್ಲಚ್ ಹಿಡಿಯುವ ಜಾಗಕ್ಕೆ ತಂದು, ಗಾಡಿಯ ಮೂತಿ ಸ್ವಲ್ಪ ಎದ್ದಾಗ ಹ್ಯಾಂಡ್ ಬ್ರೇಕ್ ಬಿಡಿ.

ಇನ್ನೂ ಒಂದೆರಡು ನಂಬಿಕೆಗಳು ಆಗಾಗ ಕೇಳಿಬರುತ್ತವೆ. ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಕ್ಲಚ್ಚೂ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ ಅನ್ನುತ್ತಾರೆ. ಎರಡೂ ಸುಳ್ಳು. ಈಗಿನ ಗಾಡಿಗಳು ಗೇರಿನಲ್ಲಿ ಇಳಿಯುವಾಗ ಎಕ್ಸಲೇಟರ್ ಬಿಟ್ಟರೆ ಪೆಟ್ರೋಲನ್ನು ತಾವೇ ನಿಲ್ಲಿಸುತ್ತವೆ, ನ್ಯೂಟ್ರಲಿನಲ್ಲಿ ಇಂಜಿನ್ ಓಡಿಸಲು ಪೆಟ್ರೋಲ್ ಬೇಕು. ಆಗುಂಬೆಯ ತಿರುವುಗಳಲ್ಲಿ ನ್ಯೂಟ್ರಲ್ ಹಾಕಿ ಬರೀ ಬ್ರೇಕ್ ನಂಬಿ ಇಳಿಯುವುದು ಜೀವಕ್ಕೇ ಅಪಾಯ. ಸಿಗ್ನಲ್ಲಿನಲ್ಲಿ ಕ್ಲಚ್ ಪೂರ್ತಿ ತುಳಿದು ನಿಂತರೆ ಪ್ಲೇಟ್ ಸುಡುತ್ತದೆ ಅನ್ನುವುದೂ ಸರಿಯಲ್ಲ, ಆಗ ಸವೆಯುವುದು ಬೇರಿಂಗ್. ನ್ಯೂಟ್ರಲ್ ಹಾಕಿ ಕಾಲು ತೆಗೆಯುವುದು ಒಳ್ಳೆಯದು.

ನಿಮ್ಮ ಹಾಗೇ ಗೇರ್ ಬೀಳದೆ ಪರದಾಡುವ, ಆದರೆ ಹೈಡ್ರಾಲಿಕ್ ಕ್ಲಚ್ ಇರುವ ಬೊಲೆರೊದಂಥ ಗಾಡಿಯವರಿಗೆ ಒಂದು ಮಾತು. ನಿಮಗೆ ಕೇಬಲ್ ಇಲ್ಲ, ಎಣ್ಣೆ ಕೆಲಸ ಮಾಡುತ್ತದೆ. ಪೆಡಲ್ ಮೆತ್ತಗಾಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಗೇರ್ ಬೀಳುತ್ತದೆ ಅಂದರೆ ಎಣ್ಣೆ ಸೋರಿದೆ ಅಥವಾ ಗಾಳಿ ಸೇರಿದೆ. ಮೊದಲು ಸಿಲಿಂಡರುಗಳನ್ನು ನೋಡಿಸಿ. ಅದು ಬ್ರೇಕಿಗೆ ಹಾಕುವ ಎಣ್ಣೆಯೇ, ಗಾಳಿಯ ತೇವ ಹೀರುತ್ತದೆ. ಮಲೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ದುಬಾರಿ ಶೋಕಿಯಲ್ಲ.

ಮುಂದಿನ ಮಳೆಗಾಲದಲ್ಲಿ ನೀವು ಊರಲ್ಲಿ ಇಲ್ಲದಿದ್ದರೂ ಯಾರಿಗಾದರೂ ಕೀ ಕೊಟ್ಟು ಹೋಗಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾಗುವಷ್ಟು ಹೊತ್ತು ಬಿಟ್ಟು, ಕ್ಲಚ್ ಹತ್ತಾರು ಸಲ ತುಳಿದು, ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿದರೆ ಸಾಕು. ಬರೀ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿಗೂ ಉಪಯೋಗ ಇಲ್ಲ, ಕ್ಲಚ್ಚಿಗೂ ಇಲ್ಲ. ಪ್ಲೇಟ್ ಅಂಟದಿರಲಿ ಅಂತ ಟ್ರ್ಯಾಕ್ಟರಿನವರು ಪೆಡಲನ್ನು ಒತ್ತಿ ಕಟ್ಟಿಡುವುದು ನೋಡಿರಬಹುದು. ಕಾರಿನಲ್ಲಿ ತಿಂಗಳುಗಟ್ಟಲೆ ಕೇಬಲನ್ನು ಹಾಗೆ ಎಳೆದು ಕಟ್ಟಿಡಲು ನನಗೆ ಮನಸ್ಸಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಹೋಗಬೇಡಿ, ಹಿಂದಿನ ಬ್ರೇಕೂ ತುಕ್ಕಿಗೆ ಹಿಡಿಯುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಕೊನೆಗೆ, ಶಿವಮೊಗ್ಗದವರೆಗೆ ಓಡಿಸಬಹುದಾ ಅನ್ನುವ ಪ್ರಶ್ನೆ. ಈಗಿರುವ ಹಾಗೆಯೇ ಬೇಡ. ನಗರದಲ್ಲಿ ಇಲ್ಲವೇ ಹೊಸನಗರದಲ್ಲಿ ಮೊದಲು ಕೇಬಲ್ ಸಡಿಲ ಮಾಡಿಸಿ, ಅದೇ ಮೆಕ್ಯಾನಿಕ್ ಮಾಡಿಕೊಡುತ್ತಾರೆ. ಆಮೇಲೆ ಸ್ಲಿಪ್ ಪೂರ್ತಿ ನಿಂತರೆ ಶಿವಮೊಗ್ಗಕ್ಕೆ ಬರುವ ಅಗತ್ಯವೇ ಬೀಳದಿರಬಹುದು. ಸ್ವಲ್ಪ ಉಳಿದಿದ್ದರೆ ರಿಪ್ಪನ್‌ಪೇಟೆ, ಆಯನೂರು ದಾರಿಯಲ್ಲಿ ಬನ್ನಿ. ಒಬ್ಬರೇ ಬನ್ನಿ, ಲಗೇಜ್ ಬೇಡ. ಏರು ಬಂದಾಗ ಟಾಪ್ ಗೇರಿನಲ್ಲಿ ಒದ್ದಾಡಿಸದೆ ಬೇಗ ಗೇರ್ ಇಳಿಸಿ, ರೇಸ್ ಹಗುರಾಗಿ ಕೊಡಿ. ವಾಸನೆ ಬಂದರೆ ಅಲ್ಲೇ ನಿಲ್ಲಿಸಿ, ಅರ್ಧ ಗಂಟೆಯಾದರೂ ಆರಲು ಬಿಡಿ. ಎರಡನೇ ಸಲ ವಾಸನೆ ಬಂದರೆ ಓಡಿಸುವುದು ನಿಲ್ಲಿಸಿ ಗಾಡಿಯನ್ನು ಹೇರಿಕೊಂಡು ಬರಲು ಹೇಳಿ. ಮೈದುನನ ಪಿಕಪ್ಪಿಗೆ ಹಗ್ಗ ಕಟ್ಟಿ ಎಳೆಸುವುದಾದರೆ ನ್ಯೂಟ್ರಲಿನಲ್ಲಿ, ಕೀ ಆನ್ ಇಟ್ಟು, ನಿಧಾನಕ್ಕೆ. ಇಂಜಿನ್ ಆಫ್ ಇದ್ದರೆ ಬ್ರೇಕ್ ಮತ್ತು ಸ್ಟೀರಿಂಗ್ ಎರಡೂ ಬಹಳ ಗಟ್ಟಿಯಾಗುತ್ತವೆ, ಅದು ನೆನಪಿರಲಿ. ಹೊಸ ಸೆಟ್ ಹಾಕಿಸಿದ್ದೇ ಆದರೆ ಮೊದಲ ಕೆಲವು ನೂರು ಕಿ.ಮೀ. ಮೂಟೆ ಹೇರಬೇಡಿ, ಆಮೇಲೆ ಕೇಬಲಿನ ಪ್ಲೇ ಇನ್ನೊಮ್ಮೆ ಅಳೆಸಿ.